ಎಂಬಿಎ ಕ್ಲಾಸಿನಲ್ಲಿ ಕಲಿತದ್ದು ಅಂಗಡಿಗೆ, ಕೆಲಸಕ್ಕೆ ಎಷ್ಟು ಬರುತ್ತದೆ? 7 ಲಕ್ಷ ಕಟ್ಟುವ ಮೊದಲು ಕೇಳುತ್ತಿದ್ದೇನೆ

ನೀರ್ಚಾಲಿನವಳು:

ಎಲ್ಲರಿಗೂ ನಮಸ್ಕಾರ. ಬಿಕಾಂ ಮುಗಿದು ಎರಡು ತಿಂಗಳಾಯಿತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಡಿಗ್ರಿ ಕಾಸರಗೋಡಿನಲ್ಲೇ. ಮಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಎಂಬಿಎ ಸೀಟು ಕೊಡುತ್ತೇವೆ ಅಂದಿದ್ದಾರೆ. ಫೀಸು, ಹಾಸ್ಟೆಲು ಎಲ್ಲ ಸೇರಿ ಎರಡು ವರ್ಷಕ್ಕೆ ಹತ್ತಿರ ಹತ್ತಿರ 7 ಲಕ್ಷ.

ಅಪ್ಪನದ್ದು ಅಡಿಕೆ ಅಂಗಡಿ. ಊರಿನವರಿಂದ ಚಾಲಿ (ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆ) ತೆಗೆದುಕೊಂಡು, ಗಾರ್ಬಲ್ ಮಾಡಿಸಿ, ಅಂದರೆ ಜಾತಿವಾರು ವಿಂಗಡಿಸಿ, ಹೊರಗಿನ ಪಾರ್ಟಿಗಳಿಗೆ ಕಳಿಸುವುದು. "ಪಟೋರ ಯಾವುದು, ಉಳ್ಳಿ ಯಾವುದು ಅಂತ ಕಣ್ಣು ಮುಚ್ಚಿ ಮುಟ್ಟಿ ಹೇಳಲಿಕ್ಕೆ ಬಂದರೆ ಸಾಕು, ಅಡಿಕೆ ಅಂಗಡಿಗೆ ಎಂಬಿಎ ಎಂತಕೆ?" ಅಂತ ಅಪ್ಪನ ವಾದ. ಅಮ್ಮನಿಗೆ ನಾನು ಓದಬೇಕು.

ನನಗೆ ಅನುಮಾನ ಬಂದದ್ದು ಬೇರೆ ಕಡೆಯಿಂದ. ಕಾಲೇಜಿನವರು ಕೊಟ್ಟ ಹೊಳೆಯುವ ಕಾಗದದ ಪುಸ್ತಕದಲ್ಲಿ "ತರಗತಿಯಿಂದ ಉದ್ಯಮದ ಅಂಗಳಕ್ಕೆ" ಅಂತ ದೊಡ್ಡ ಅಕ್ಷರದಲ್ಲಿ ಉಂಟು. ಹಿಂದಿನ ಪುಟದಲ್ಲಿ ಕೋಟು ಹಾಕಿ ನಗುವ ಹುಡುಗರು. ನಡುವೆ ಆ ದಾರಿ ಹೇಗೆ ಅಂತ ಎಲ್ಲಿಯೂ ಬರೆದಿಲ್ಲ. ನಮ್ಮ ಅಂಗಡಿಯ ಒಂದು ವಿಷಯ ನನಗೆ ಬಿಕಾಂ ಓದಿಯೂ ಅರ್ಥ ಆಗಿಲ್ಲ. ವರ್ಷದ ಕೊನೆಗೆ ಲೆಕ್ಕದವರು ಲಾಭ ಉಂಟು ಅನ್ನುತ್ತಾರೆ. ತಿಂಗಳ ಕೊನೆಗೆ ಅಪ್ಪ ಮಾತ್ರ ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್, ಮಿತಿಯೊಳಗೆ ಬೇಕಾದಾಗ ತೆಗೆಯುವ ಸಾಲ) ಎಷ್ಟು ಉಳಿದಿದೆ ಅಂತ ನೋಡುತ್ತಾ ಕೂತಿರುತ್ತಾರೆ. ಇದನ್ನು ಬಿಡಿಸಿ ಹೇಳುವುದು ಎಂಬಿಎಯಲ್ಲಿ ಕಲಿಸುತ್ತಾರಾ? ಓದಿದವರು, ಓದಿಸಿದವರು, ಓದದೆ ಗೆದ್ದವರು, ಯಾರಾದರೂ ಹೇಳಿ.

ತಲಪಾಡಿ ದಾಟಿದವ:

ಎಂಬಿಎ ಮಾಡಿದ ಎಷ್ಟು ಜನ ಈಗ ಫುಡ್ ಡೆಲಿವರಿ ಆ್ಯಪಿನ ಚೀಲ ಹಿಡಿದಿದ್ದಾರೆ ಅಂತ ಒಮ್ಮೆ ಜ್ಯೋತಿ ಸರ್ಕಲ್‌ನಲ್ಲಿ ನಿಂತು ಲೆಕ್ಕ ಹಾಕಿ.

ಮೂರು ಭಾಷೆ:

ಮೇಲಿನವರ ಮಾತಿಗೆ ಉತ್ತರ ಆಮೇಲೆ. ನನ್ನ ಕಥೆ ಕೇಳಿ ತಂಗಿ. ನಾನೂ ಗಡಿನಾಡಿನವನೇ, ಎಂಬಿಎ ಮಾರ್ಕೆಟಿಂಗ್, ಸೋಪು-ಪೇಸ್ಟು ಮಾರುವ ಒಂದು ಕಂಪನಿಯಲ್ಲಿ ಸೇಲ್ಸ್. ಕಾಲೇಜಿನ ಗೋಡೆಯಲ್ಲಿ ನನ್ನ ಫೋಟೋದ ಕೆಳಗೆ 5.4 ಲಕ್ಷ ಅಂತ ಬರೆದಿದ್ದರು. ಮೊದಲ ತಿಂಗಳು ಕೈಗೆ ಬಂದದ್ದು 34 ಸಾವಿರ ಚಿಲ್ಲರೆ. ಉಳಿದದ್ದು ಪಿಎಫ್‌ನ ಕಂಪನಿ ಪಾಲು, ಗ್ರಾಚ್ಯುಟಿ, ಟಾರ್ಗೆಟ್ ಆದರೆ ಮಾತ್ರ ಸಿಕ್ಕುವ ಇನ್ಸೆಂಟಿವ್. ಸಿಟಿಸಿ ಅಂದರೆ ಕಂಪನಿಗೆ ಬೀಳುವ ಖರ್ಚು, ನಮ್ಮ ಸಂಬಳ ಅಲ್ಲ. ಇದನ್ನು ಎಚ್‌ಆರ್ ಪಾಠದಲ್ಲೇ ಬರೆದು ಪರೀಕ್ಷೆ ಪಾಸಾಗಿದ್ದೆ, ನನಗೇ ಹೊಂದಿಸಿ ನೋಡಿರಲಿಲ್ಲ.

ಮೊದಲ ದಿನ ಲ್ಯಾಪ್‌ಟಾಪ್ ಸಿಗಲಿಲ್ಲ, ಬೀಟ್ ಪಟ್ಟಿ ಸಿಕ್ಕಿತು. ಹೊಸಂಗಡಿಯಿಂದ ಬಂದ್ಯೋಡಿನವರೆಗೆ 38 ಅಂಗಡಿ. ನಾಲ್ಕನೇ ಅಂಗಡಿಯಲ್ಲಿ ಯಜಮಾನ ಬ್ಯಾರಿಯವರು ನನ್ನ ಟೈ ನೋಡಿ ನಕ್ಕು, ಕಪಾಟಿನಿಂದ ಅವಧಿ ಮುಗಿದ ಆರು ಶ್ಯಾಂಪೂ ಬಾಟಲಿ ತೆಗೆದು ಮುಂದೆ ಇಟ್ಟರು. "ಹೋದ ಸರ್ತಿ ಬಂದವ ತೆಗೆದುಕೊಂಡು ಹೋಗ್ತೇನೆ ಅಂದವ ಬರಲೇ ಇಲ್ಲ. ಇದನ್ನು ಮೊದಲು ನೋಡಿ, ಮತ್ತೆ ಆರ್ಡರ್." ಮಾರ್ಕೆಟಿಂಗ್ ಪುಸ್ತಕದ ನಾಲ್ಕು 'ಪಿ'ಯಲ್ಲಿ (ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಶನ್) ಆ ಆರು ಬಾಟಲಿ ಎಲ್ಲಿ ಬರುತ್ತದೆ ಹೇಳಿ! ಕ್ಲೈಮ್ ಬರೆದು, ಡಿಸ್ಟ್ರಿಬ್ಯೂಟರ್ ಹಿಂದೆ ಬಿದ್ದು, ಮೂರನೇ ವಾರ ಅವರಿಗೆ ಕ್ರೆಡಿಟ್ ನೋಟು ಕೊಡಿಸಿದೆ. ಅಲ್ಲಿಂದ ಇವತ್ತಿನವರೆಗೆ ಆ ಅಂಗಡಿಯಲ್ಲಿ ನನ್ನ ಆರ್ಡರ್ ತಪ್ಪಿದ್ದಿಲ್ಲ.

ಹಾಗಾದರೆ ಕ್ಲಾಸು ವೇಸ್ಟಾ? ಅದೂ ಅಲ್ಲ. ಒಂದು ಉದಾಹರಣೆ ಕೊಡುತ್ತೇನೆ, ಗಡಿಯವರಿಗೆ ಕೂಡಲೇ ಹಿಡಿಸುತ್ತದೆ. ನಾನು ಬಂದಾಗ ಮಂಜೇಶ್ವರದ ಸೇಲು ಏಕೆ ಏಳುವುದಿಲ್ಲ ಅಂತ ಮ್ಯಾನೇಜರಿಗೆ ತಲೆಬಿಸಿ. ಅಂಗಡಿಯಲ್ಲಿ ನಮ್ಮ ಸೋಪು ರಾಶಿ ಉಂಟು, ನಮ್ಮ ಡಿಸ್ಟ್ರಿಬ್ಯೂಟರ್ ಪುಸ್ತಕದಲ್ಲಿ ಇಲ್ಲ. ಸಂಗತಿ ಎಂತ ಅಂದರೆ, ಹಿಂದೆ ರಾಜ್ಯದಿಂದ ರಾಜ್ಯಕ್ಕೆ ಮಾರಿದರೆ ಸಿಎಸ್‌ಟಿ (ಕೇಂದ್ರ ಮಾರಾಟ ತೆರಿಗೆ) ಬೀಳುತ್ತಿತ್ತು. ಅದನ್ನು ತಪ್ಪಿಸಲಿಕ್ಕೆ ಕಂಪನಿಗಳು ರಾಜ್ಯಕ್ಕೊಂದು ಡಿಪೋ ಇಟ್ಟಿದ್ದವು. ಹಾಗಾಗಿ ಕೇರಳದ ಮಂಜೇಶ್ವರಕ್ಕೆ ಮಾಲು ಬರಬೇಕಾದದ್ದು ದೂರದ ತೆಂಕು ದಿಕ್ಕಿನಿಂದ. ಅರ್ಧ ಗಂಟೆ ದಾರಿಯಲ್ಲಿ ಮಂಗಳೂರು ಬಂದರ್‌ನ ಹೋಲ್‌ಸೇಲ್ ಇರುವಾಗ ಯಾವ ಅಂಗಡಿಯವ ಕಾಯುತ್ತಾನೆ? 2017 ಜುಲೈ 1ಕ್ಕೆ ಜಿಎಸ್‌ಟಿ ಬಂದು ಆ ಸಿಎಸ್‌ಟಿ ಹೋಯಿತು, ಆದರೆ ನಮ್ಮ ಕಂಪನಿಯ ನಕ್ಷೆ ಮಾತ್ರ ಹಳೆಯದೇ ಇತ್ತು. ಡಿಸ್ಟ್ರಿಬ್ಯೂಶನ್ ಪಾಠದಲ್ಲಿ ಕಲಿತ ಚಿತ್ರ ಬರೆದು, ಅಂಗಡಿಯವರ ಬಿಲ್ಲುಗಳ ಫೋಟೋ ಅಂಟಿಸಿ ಮೂರು ಪುಟ ಕಳಿಸಿದೆ. ಆ ಮೂರು ಪುಟ ಬರೆಯುವ ಕ್ರಮ ಕಲಿಸಿದ್ದು ಎಂಬಿಎ. ಅದರೊಳಗಿನ ವಿಷಯ ಕೊಟ್ಟದ್ದು ಬೈಕು. ಎರಡರಲ್ಲಿ ಒಂದೇ ಇದ್ದಿದ್ದರೆ ಆ ಪತ್ರ ಹುಟ್ಟುತ್ತಲೇ ಇರಲಿಲ್ಲ.

ಇನ್ನೊಂದು. ಕನ್ನಡ, ತುಳು, ಮಲಯಾಳ ಮೂರೂ ಬರುವ ನಿಮ್ಮಂಥವರಿಗೆ ಕರಾವಳಿ-ಮಲಬಾರ್ ಏರಿಯಾದಲ್ಲಿ ಭಾರೀ ಬೆಲೆ ಉಂಟು. ಇಂಗ್ಲಿಷ್ ಗ್ರೂಪ್ ಡಿಸ್ಕಶನ್‌ನಲ್ಲಿ ಬೆವರುತ್ತದೆ, ನಾನೂ ಬೆವರಿದ್ದೇನೆ. ಮೊದಲ ಸೆಮಿಸ್ಟರಿನಲ್ಲಿ ಹೆದರಿ ಹಿಂದಿನ ಬೆಂಚಿಗೆ ಹೋಗಬೇಡಿ, ಅಷ್ಟೆ.

ಹಳೆ ಅಡಿಕೆ:

ಕೂಸೇ, ನಾನು ಎಂಬಿಎ ಬಿಡು, ಪಿಯುಸಿಯೂ ಪೂರ್ತಿ ಮಾಡಿದವ ಅಲ್ಲ. ಮೂವತ್ತೆಂಟು ವರ್ಷ ಆಯಿತು ಅಡಿಕೆ ವ್ಯಾಪಾರಕ್ಕೆ ಇಳಿದು. ನಿನ್ನ ಅಪ್ಪ ಹೇಳಿದ್ದು ಅರ್ಧ ಸರಿ. ಮಾಲು ಗೊತ್ತಿಲ್ಲದವನಿಗೆ ಯಾವ ಡಿಗ್ರಿಯೂ ಆಗುವುದಿಲ್ಲ. ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಎಂಬಿಎ ಮಾಡಿ ಬಂದು ಅಂಗಡಿಯಲ್ಲಿ ಕೂತ. ಮೊದಲ ವಾರವೇ ಕರಿಗೋಟು ಬೆರೆಸಿದ ಗೋಣಿಯನ್ನು ಒಳ್ಳೆಯ ರೇಟಿಗೆ ತೆಗೆದುಕೊಂಡ. ಮೇಲೆ ನಾಲ್ಕು ಮುಷ್ಟಿ ಬೆಳ್ಳಗೆ, ಅಡಿಯಲ್ಲಿ ಎಲ್ಲ ಕಸ. ಗೋಣಿಯ ನಡುವಿಗೆ ಕೈ ಹಾಕಿ ತೆಗೆಯಬೇಕು ಅಂತ ಅವನ ಪುಸ್ತಕದಲ್ಲಿ ಇರಲಿಲ್ಲವಂತೆ.

ಆದರೆ ಅದೇ ಹುಡುಗ ಆರು ತಿಂಗಳಲ್ಲಿ ಕಂಪ್ಯೂಟರಿನಲ್ಲಿ ಪಾರ್ಟಿವಾರು ಬಾಕಿ ತೋರಿಸಿದ. ಅದನ್ನು ನೋಡಿದ ಮೇಲೆ ನಾನು ಎರಡು ದಿನ ಸರಿಯಾಗಿ ಊಟ ಮಾಡಿಲ್ಲ. ಅದು ಬೇರೆ ಮಾತು.

ಸೀಸನ್ ಟಿಕೆಟ್:

ನಾನು ಕಹಿ ಮಾತಾಡುವವ, ಮೊದಲೇ ಹೇಳುತ್ತೇನೆ. ಎರಡು ವರ್ಷ ಬೆಳಿಗ್ಗೆ ಪ್ಯಾಸೆಂಜರ್ ಗಾಡಿಯಲ್ಲಿ ನೇತಾಡಿ ಎಂಬಿಎ ಮಾಡಿದೆ. ಕಾಲೇಜಿನ ಹೆಸರು ಬೇಡ. ಮೊದಲ ವರ್ಷ ಮುಗಿದ ಮೇಲೆ ಆರೆಂಟು ವಾರ ಇಂಟರ್ನ್‌ಶಿಪ್ ಅಂತ ಇರುತ್ತದಲ್ಲ, ಕ್ಲಾಸಿಗೂ ಕೆಲಸಕ್ಕೂ ಸೇತುವೆ ಅಂತ ಇರುವುದು ಅದೊಂದೇ. ನಮ್ಮಲ್ಲಿ ಅದನ್ನು ನಾವೇ ಹುಡುಕಿಕೊಳ್ಳಬೇಕಿತ್ತು. ಗೆಳೆಯನ ಪರಿಚಯದ ಒಂದು ಆಫೀಸಿನಲ್ಲಿ 3 ಸಾವಿರ ಕೊಟ್ಟರೆ ಸೀಲು ಹಾಕಿದ ಸರ್ಟಿಫಿಕೇಟ್. ನಾನು ಕೊಟ್ಟೆ. ಆ ಎಂಟು ವಾರ ಮನೆಯಲ್ಲಿ ಕ್ರಿಕೆಟ್ ನೋಡಿದೆ. ರಿಪೋರ್ಟು ಸೀನಿಯರಿನದ್ದು, ಕಂಪನಿ ಹೆಸರು, ಇಸವಿ ಬದಲಾಯಿಸಿ ಝೆರಾಕ್ಸ್ ಅಂಗಡಿಯಲ್ಲಿ ಕಪ್ಪು ರಟ್ಟು, ಚಿನ್ನದ ಅಕ್ಷರದ ಬೈಂಡಿಂಗ್. ಬೈಂಡಿಂಗ್ ಮಾತ್ರ ಚಂದ ಇತ್ತು.

ಪ್ಲೇಸ್‌ಮೆಂಟಿಗೆ ಬಂದ ಒಬ್ಬರು ಮೇಡಂ ಆ ರಿಪೋರ್ಟನ್ನು ತೆರೆಯಲೇ ಇಲ್ಲ. ಕೇಳಿದ್ದು ಇಷ್ಟೇ: "ನೂರು ಜನ ಗ್ರಾಹಕರನ್ನು ಮಾತಾಡಿಸಿದ್ದೀರಿ ಅಂತ ಉಂಟು. ಮೊದಲನೆಯವರನ್ನು ಎಲ್ಲಿ ನಿಲ್ಲಿಸಿ ಕೇಳಿದಿರಿ? ಅವರು ಕೈಯಲ್ಲಿ ಏನು ಹಿಡಿದಿದ್ದರು?" ನಾನು ಬಾಯಿ ತೆರೆದೆ, ಗಾಳಿ ಮಾತ್ರ ಹೊರಗೆ ಬಂತು. ಆಕೆ ನಕ್ಕು ಫೈಲು ತಿರುಗಿಸಿ ನನ್ನ ಕಡೆಗೆ ದೂಡಿದರು.

ಸಿಟ್ಟು ಕಾಲೇಜಿನ ಮೇಲೆ ಇದ್ದೇ ಇದೆ. ಅವರು ಒಂದು ಸಾರಿ ಆ ಆಫೀಸಿಗೆ ಫೋನು ಮಾಡಿದ್ದರೂ ಸಾಕಿತ್ತು. ಆದರೆ 3 ಸಾವಿರ ಎಣಿಸಿ ಕೊಟ್ಟ ಕೈ ನನ್ನದೇ. ತಂಗಿ, ನೀನು ಕಾಲೇಜಿಗೆ ಹೋದಾಗ ಪ್ಲೇಸ್‌ಮೆಂಟ್ ಎಷ್ಟು ಅಂತ ಕೇಳಬೇಡ, ಅದಕ್ಕೆ ಉತ್ತರ ಬಾಯಿಪಾಠ ಮಾಡಿ ಇಟ್ಟಿರುತ್ತಾರೆ. ಕಳೆದ ವರ್ಷದ ಇಂಟರ್ನ್‌ಶಿಪ್ಪಿಗೆ ಯಾರ್ಯಾರು ಎಲ್ಲೆಲ್ಲಿಗೆ ಹೋದರು, ಮಧ್ಯದಲ್ಲಿ ಮೇಷ್ಟ್ರು ಅಲ್ಲಿಗೆ ಹೋಗಿ ನೋಡಿದರಾ, ಇದನ್ನು ಕೇಳು. ಮುಖ ನೋಡು.

ಚಾಕ್‌ಪೀಸ್:

ಹದಿನಾರು ವರ್ಷದಿಂದ ಎಂಬಿಎ ತರಗತಿಗೆ ಫೈನಾನ್ಸ್ ಪಾಠ ಮಾಡುತ್ತಿರುವವನು ನಾನು. ಮೇಲಿನವರು ಬರೆದದ್ದಕ್ಕೆ ಸಮಜಾಯಿಷಿ ಕೊಡಲಾರೆ, ಅಂಥ ಕಪ್ಪು ರಟ್ಟಿನ ರಿಪೋರ್ಟುಗಳಿಗೆ ನಾನೂ ಸಹಿ ಹಾಕಿದ್ದೇನೆ. ಅರವತ್ತು ವಿದ್ಯಾರ್ಥಿಗಳು, ಅರವತ್ತು ರಿಪೋರ್ಟು, ನೋಡಲಿಕ್ಕೆ ಹತ್ತು ದಿನ.

ಕೇಸ್ ವಿಧಾನದ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಎಲ್ಲ ಕಾಲೇಜಿನವರೂ ಆ ಶಬ್ದ ಹೇಳುತ್ತಾರೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಶುರುವಾದದ್ದು 1908ರಲ್ಲಿ. ಕಾನೂನು ಶಾಲೆಯಲ್ಲಿ ಹಳೆಯ ತೀರ್ಪುಗಳನ್ನು ಮುಂದಿಟ್ಟು ಪಾಠ ಮಾಡುವ ಪದ್ಧತಿಯನ್ನು ಅವರು ವ್ಯಾಪಾರಕ್ಕೂ ತಂದರು. ಅದೇ ಸಂಸ್ಥೆಯ ಸಹಕಾರದಿಂದ 1961ರಲ್ಲಿ ಅಹಮದಾಬಾದಿನ ಐಐಎಂ ಹುಟ್ಟಿದಾಗ ಈ ಪದ್ಧತಿ ನಮ್ಮ ದೇಶಕ್ಕೂ ಬಂತು. ಕ್ರಮ ಹೀಗೆ: ಒಂದು ಸಂಸ್ಥೆ ಇಕ್ಕಟ್ಟಿನಲ್ಲಿದ್ದ ದಿನದವರೆಗಿನ ಕಥೆ, ಲೆಕ್ಕ, ಕಾಗದ ಎಲ್ಲ ವಿದ್ಯಾರ್ಥಿಗೆ ಮುಂಚೆಯೇ ಕೊಡುವುದು. ಆಮೇಲೇನಾಯಿತು ಅಂತ ಹೇಳುವುದಿಲ್ಲ. ತರಗತಿಗೆ ಬಂದ ಕೂಡಲೇ ಮೇಷ್ಟ್ರು ಯಾರನ್ನಾದರೂ ಎಬ್ಬಿಸಿ "ನೀನು ಆ ಕುರ್ಚಿಯಲ್ಲಿದ್ದರೆ ಏನು ಮಾಡುತ್ತಿದ್ದೆ?" ಅನ್ನುತ್ತಾರೆ. ಓದದೆ ಬಂದವನಿಗೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ನಮ್ಮ ಕಡೆ ಬಹಳ ಸಾರಿ ಆಗುವುದೇನೆಂದರೆ, ಮೇಷ್ಟ್ರೇ ಸ್ಲೈಡಿನಲ್ಲಿ ಅಮೆರಿಕದ ಕಾಫಿ ಅಂಗಡಿಯ ಕಥೆ ಓದಿ, ಮೇಷ್ಟ್ರೇ ಉತ್ತರ ಹೇಳಿ, ಬೆಲ್ಲು ಹೊಡೆಯುತ್ತದೆ.

ಒಂದು ವರ್ಷ ನಾನು ಬೇಸತ್ತು ಕ್ಯಾಂಪ್ಕೋದ ಕಥೆಯನ್ನು ಕೇಸ್ ಮಾಡಿ ಕೊಟ್ಟೆ. ಅಡಿಕೆಯ ಧಾರಣೆ ಕುಸಿದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ-ಕೇರಳ ಎರಡೂ ರಾಜ್ಯದ ಬೆಳೆಗಾರರು ಸೇರಿ ಕಟ್ಟಿದ ಸಹಕಾರಿ ಸಂಸ್ಥೆ. ಎಪ್ಪತ್ತರ ದಶಕದ ಕೊನೆಗೆ ಇನ್ನೊಂದು ಪೆಟ್ಟು: ಅಡಿಕೆ ತೋಟದ ನಡುವೆ ಕೊಕ್ಕೊ ಹಾಕಿ ಅಂತ ಹುರಿದುಂಬಿಸಿದ್ದಾಯಿತು, ಗಿಡ ಕಾಯಿ ಬಿಟ್ಟಿತು, ಅಷ್ಟರಲ್ಲಿ ಜಾಗತಿಕ ಬೆಲೆ ಬಿದ್ದು ಕೊಳ್ಳುವವರು ಹಿಂದೆ ಸರಿದರು. "ಈಗ ನೀವು ಕ್ಯಾಂಪ್ಕೋದ ಅಧ್ಯಕ್ಷರು. ಅಡಿಕೆ ಬಿಟ್ಟು ಬೇರೆ ಗೊತ್ತಿಲ್ಲ. ಕೊಕ್ಕೊ ತೆಗೆದುಕೊಳ್ಳುತ್ತೀರಾ?" ಅಂತ ಕೇಳಿದೆ.

ಮೊದಲ ಅರ್ಧ ಗಂಟೆ ಎಲ್ಲ ಇಂಗ್ಲಿಷ್ ಶಬ್ದಗಳೇ. ಎಕ್ಸ್‌ಪೋರ್ಟ್ ಅಂದರು, ಬ್ರ್ಯಾಂಡಿಂಗ್ ಅಂದರು, ಮಾರ್ಕೆಟ್ ಸರ್ವೆ ಮಾಡೋಣ ಅಂದರು. ಹಿಂದಿನ ಬೆಂಚಿನಲ್ಲಿ ಎಣ್ಮಕಜೆ ಕಡೆಯ ಒಬ್ಬ ಹುಡುಗ, ಆ ಸೆಮಿಸ್ಟರಿನಲ್ಲಿ ಬಾಯಿ ತೆರೆದವನಲ್ಲ, ಎದ್ದು ಹೇಳಿದ: "ಸರ್, ಸರ್ವೆ ಮಾಡಲಿಕ್ಕೆ ಟೈಮೇ ಇಲ್ಲ. ಕಾಯಿ ಒಡೆದರೆ ಹಸಿ ಬೀಜ ಮರುದಿನದೊಳಗೆ ಹುಳಿ ಬರಿಸಲಿಕ್ಕೆ ರಾಶಿ ಹಾಕಬೇಕು, ಐದಾರು ದಿನ ಆದ ಮೇಲೆ ಒಣಗಿಸಬೇಕು. ಮಳೆಗಾಲದಲ್ಲಿ ಒಣಗುವುದಿಲ್ಲ. ತೆಗೆದುಕೊಳ್ಳುತ್ತೇವೋ ಇಲ್ಲವೋ ಅಂತ ಇವತ್ತು ಸಂಜೆಯೊಳಗೆ ಹೇಳಬೇಕು." ತರಗತಿ ತಣ್ಣಗಾಯಿತು. ಮುಂದಿನ ಒಂದು ಗಂಟೆ ನಾನು ಬೋರ್ಡಿಗೆ ಬೆನ್ನು ಕೊಟ್ಟು ಕೂತು ಕೇಳಿದೆ. ಸಂಸ್ಥೆ ಕೊಕ್ಕೊ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೂ ಎದ್ದಿತು ಅಂತ ಕೊನೆಯ ಐದು ನಿಮಿಷ ಹೇಳಿದ್ದು ಮಾತ್ರ ನಾನು.

ನೀರ್ಚಾಲಿನವರೇ, ಇನ್ನು ನಿಮ್ಮ ಓಡಿ ಪ್ರಶ್ನೆ. ಹೌದು, ಕಲಿಸುತ್ತೇವೆ. ಅದಕ್ಕೆ ವರ್ಕಿಂಗ್ ಕ್ಯಾಪಿಟಲ್ ಅಂತ ಹೆಸರು. ಸುಲಭದ ಅಂಕಿಯಲ್ಲಿ ಹೇಳುತ್ತೇನೆ. ದಿನಕ್ಕೆ 1 ಲಕ್ಷದ ವ್ಯಾಪಾರ ಅಂತ ಇಟ್ಟುಕೊಳ್ಳಿ. ಮಾಲು ಗೋದಾಮಿನಲ್ಲಿ ಸರಾಸರಿ 15 ದಿನ ಇರುತ್ತದೆ. ಮಾರಿದ ಮೇಲೆ ಪಾರ್ಟಿ 45 ದಿನಕ್ಕೆ ದುಡ್ಡು ಕೊಡುತ್ತಾನೆ. ಕೃಷಿಕನಿಗೆ ನೀವು ಅಂದೇ ಕೊಡುತ್ತೀರಿ. ಅಂದರೆ ನಿಮ್ಮ ಕೈಯಿಂದ ಹೋದ ರೂಪಾಯಿ ತಿರುಗಿ ಬರಲು 60 ದಿನ, ಯಾವಾಗ ನೋಡಿದರೂ 60 ಲಕ್ಷ ಹೊರಗೆ. ಅದಷ್ಟೂ ಸಾಲವಾದರೆ ವರ್ಷಕ್ಕೆ 12 ಶೇಕಡಾ ಬಡ್ಡಿಯಲ್ಲಿ ತಿಂಗಳಿಗೆ 60 ಸಾವಿರ. ತಿಂಗಳ ವ್ಯಾಪಾರ 30 ಲಕ್ಷ, ಅದರಲ್ಲಿ 2 ಶೇಕಡಾ ಉಳಿಯುವುದಾದರೆ ಅದೂ 60 ಸಾವಿರ. ಉಳಿದದ್ದೆಲ್ಲ ಬ್ಯಾಂಕಿಗೆ. ಬಡ್ಡಿ ಇಷ್ಟು ಬೀಳದಿದ್ದರೂ, ಕಾಗದದ ಲಾಭ ಪಾರ್ಟಿಗಳ ಕೈಯಲ್ಲೇ ತಿರುಗುತ್ತಿರುತ್ತದೆ. ಇಷ್ಟಕ್ಕೆ 7 ಲಕ್ಷ ಕಟ್ಟಬೇಕಾಗಿಲ್ಲ, ನೋಡಿ, ಪುಕ್ಕಟೆ ಹೇಳಿದೆ! ಅಪ್ಪನ ಪುಸ್ತಕ ತೆಗೆದು ನಿಮ್ಮ ಅಂಗಡಿಯ ದಿನ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ.

ಉಪ್ಪಳ ಬೇಕರಿ:

ಸರ್ ಹೇಳಿದ ಹಾಗಿನ ಒಂದು ಲೆಕ್ಕ ನನ್ನ ಮಗ ಎಂಬಿಎಯಿಂದ ತಂದ, ಅದರ ಮೇಲೆ ಮನೆಯಲ್ಲಿ ದೊಡ್ಡ ಜಗಳವೇ ಆಯಿತು.

ಮೊಟ್ಟೆ ಪಫ್ಸ್ ವಿಷಯ. ಒಂದಕ್ಕೆ ನನಗೆ 9 ರೂಪಾಯಿ ಬೀಳುತ್ತದೆ, 15ಕ್ಕೆ ಮಾರುತ್ತೇನೆ. ಸಂಜೆ ಉಳಿದರೆ ಬೆಳಿಗ್ಗೆ ಕೊಡುವ ಕ್ರಮ ನಮ್ಮಲ್ಲಿ ಇಲ್ಲ. ನಾನು ಯಾವಾಗಲೂ ಟ್ರೇ ತುಂಬ ಇಡುವವ. ಖಾಲಿ ಟ್ರೇ ಅಂದರೆ ಮರ್ಯಾದೆ ಹೋದ ಹಾಗೆ. ಮಗ ಒಂದು ತಿಂಗಳು ದಿನಾ ಎಷ್ಟು ಹೋಯಿತು, ಎಷ್ಟು ಗಂಟೆಗೆ ಮುಗಿಯಿತು ಅಂತ ಕ್ಯಾಲೆಂಡರಿನಲ್ಲಿ ಬರೆದ. ಆಮೇಲೆ ಹೇಳಿದ: "ಒಂದು ಕಡಿಮೆ ಆದರೆ ನಷ್ಟ 6, ಒಂದು ಉಳಿದರೆ ನಷ್ಟ 9. ಹಾಗಾಗಿ ಹತ್ತು ದಿನದಲ್ಲಿ ಆರು ದಿನ ಸಂಜೆಯೊಳಗೆ ಮುಗಿಯುವಷ್ಟೇ ಮಾಡಬೇಕು, ನಾಲ್ಕು ದಿನ ಉಳಿದರೆ ಸರಿ. ನೀವು ಹತ್ತಕ್ಕೆ ಒಂಬತ್ತು ದಿನ ಉಳಿಸುತ್ತಿದ್ದೀರಿ."

ಲೆಕ್ಕ ಸರಿ. ಆದರೆ ನಾನು ಕೇಳಿದೆ, ಪಫ್ಸ್ ಇಲ್ಲ ಅಂತ ಎದುರಿನ ಬೇಕರಿಗೆ ಹೋದ ಮಕ್ಕಳ ತಾಯಿ ಅಲ್ಲೇ ಬರ್ತ್‌ಡೇ ಕೇಕೂ ಹೇಳಿ ಬರುತ್ತಾಳೆ, ಆ ನಷ್ಟ ನಿನ್ನ 6ರಲ್ಲಿ ಉಂಟಾ? ಸ್ವಲ್ಪ ಹೊತ್ತು ಸುಮ್ಮನಿದ್ದವ, 6ನ್ನು 9 ಮಾಡಿದ. ಹತ್ತಕ್ಕೆ ಐದು ದಿನ ಆಯಿತು. ಈಗ ಶಾಲೆ ಇರುವ ದಿನಕ್ಕೆ ಒಂದು ಲೆಕ್ಕ, ರಜೆಗೆ ಒಂದು, ಮಳೆಗೆ ಇನ್ನೊಂದು. ರಾತ್ರಿ ಕಸದ ಬುಟ್ಟಿಗೆ ಹೋಗುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ. ಖಾಲಿ ಟ್ರೇ ನೋಡಿದರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ.

ತಲಪಾಡಿ ದಾಟಿದವ:

ಪಫ್ಸ್ ಲೆಕ್ಕಕ್ಕೆ ಎಂಬಿಎ! ಯಾವ ಜಂಕ್ಷನ್ ಹತ್ತಿರ ಹೇಳಿ, ಸಂಜೆ ಬರುತ್ತೇನೆ.

ಪಿಗ್ಮಿ ಅಕ್ಕ:

ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಿಯಾದವಳು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಬ್ಯಾಂಕು, 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ, ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುವುದು. ಅದನ್ನು ಯೋಚಿಸಿದವರಲ್ಲಿ ಯಾರಿಗೂ ಎಂಬಿಎ ಇರಲಿಲ್ಲ. ನೇಯುವವರ, ಮೀನು ಮಾರುವವರ ಕೈಗೆ ದುಡ್ಡು ದಿನಕ್ಕೆ ಬರುತ್ತದೆ, ತಿಂಗಳಿಗಲ್ಲ ಅಂತ ನೋಡಿದ ಕಣ್ಣು ಇತ್ತು. ನಾನು ಸೇರಿದ ಕಾಲಕ್ಕೆ ಬಂದ ಎಂಬಿಎ ಹುಡುಗರು ಪಿಗ್ಮಿಯನ್ನು ಹಳೆಯ ಕಾಲದ್ದು ಅಂತ ನಗುತ್ತಿದ್ದರು. ಈಗ ಫೋನಿನ ಆ್ಯಪಿನಲ್ಲಿ ದಿನಕ್ಕೆ ಹತ್ತು ರೂಪಾಯಿ ಉಳಿಸಿ ಅಂತ ಅದನ್ನೇ ಮಾರುತ್ತಿದ್ದಾರೆ. ಇರಲಿ.

ಸಾಲದ ವಿಷಯ ಯಾರೂ ಎತ್ತಿಲ್ಲ, ಅದಕ್ಕೆ ಬಂದೆ. ಶಿಕ್ಷಣ ಸಾಲ 7.5 ಲಕ್ಷದವರೆಗೆ ಸಾಮಾನ್ಯವಾಗಿ ಜಾಗದ ಅಡವು ಬೇಡ, ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಬೇಕು. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗುವುದಿಲ್ಲ, ಆದರೆ ಬಡ್ಡಿ ಅಲ್ಲಿಯವರೆಗೆ ಮಲಗಿರುವುದಿಲ್ಲ ಮಗಾ. 7 ಲಕ್ಷಕ್ಕೆ ಹತ್ತೂವರೆ ಶೇಕಡಾ, ಏಳು ವರ್ಷ ಅಂತ ಹಿಡಿದರೆ ತಿಂಗಳ ಕಂತು 11,800 ಆಗುತ್ತದೆ. ಓದುವ ಸಮಯದ ಬಡ್ಡಿ ಅಸಲಿಗೆ ಸೇರಿದರೆ ಇನ್ನೂ ಹೆಚ್ಚು. ಮೂರು ಭಾಷೆಯವರ 34 ಸಾವಿರದಿಂದ ಇದನ್ನು ಕಳೆದು, ರೂಮು ಬಾಡಿಗೆ ಕಳೆದು ನೋಡು. ಓದುವಾಗಲೇ ತಿಂಗಳು ತಿಂಗಳು ಬಡ್ಡಿಯಷ್ಟಾದರೂ ಕಟ್ಟಲಿಕ್ಕೆ ಅಪ್ಪನಿಂದ ಆಗುವುದಾದರೆ ಕಟ್ಟಲಿ.

ಮತ್ತೆ, ಕೇಂದ್ರ ಸರ್ಕಾರದ ಎನ್ಐಆರ್‌ಎಫ್ ರ್‍ಯಾಂಕಿಂಗಿಗೆ ಅರ್ಜಿ ಹಾಕಿದ ಕಾಲೇಜಾದರೆ, ಎಷ್ಟು ಮಕ್ಕಳಿಗೆ ಕೆಲಸ ಸಿಕ್ಕಿತು, ಸಂಬಳದ ಮೀಡಿಯನ್ (ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಇಟ್ಟರೆ ನಡುವಿನಲ್ಲಿ ಬರುವುದು) ಎಷ್ಟು ಅಂತ ಅವರೇ ಕೊಟ್ಟ ಪಟ್ಟಿ ಇರುತ್ತದೆ. ಸರಾಸರಿ ನೋಡಬೇಡ. ಒಬ್ಬನಿಗೆ 20 ಲಕ್ಷ, ಒಂಬತ್ತು ಜನರಿಗೆ 3 ಲಕ್ಷ ಆದರೆ ಸರಾಸರಿ 4.7 ಆಗುತ್ತದೆ. ಮೀಡಿಯನ್ 3ರಲ್ಲೇ ಇರುತ್ತದೆ, ನೀನು ನಿಲ್ಲುವುದೂ ಹೆಚ್ಚಾಗಿ ಅಲ್ಲೇ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲೂ ಎಂಬಿಎ ಉಂಟು. ಅಲ್ಲಿಯ ಫೀಸನ್ನು ಕೇಳಿಯೇ ಆಮೇಲೆ ಹೊಳೆಯುವ ಪುಸ್ತಕ ತೆರೆ.

ಹಳೆ ಅಡಿಕೆ:

ಚಾಕ್‌ಪೀಸ್ ಸರ್, ನಿಮ್ಮ 60 ದಿನದ ಲೆಕ್ಕ ನನ್ನ ಅಳಿಯ ಹೇಳಿದ್ದೇ. ಅವನಿಗೆ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ.

ಗೋದಾಮಿನ ದಿನ ಕಡಿಮೆ ಮಾಡಿ ಅಂತ ಪುಸ್ತಕ ಹೇಳುತ್ತದೆ. ಸೋಪಿಗೆ, ಪಫ್ಸಿಗೆ ಅದು ಸರಿ. ಚಾಲಿ ಅಡಿಕೆಗೆ ಹಾಗಲ್ಲ. ಹೊಸ ಅಡಿಕೆಗೆ ಒಂದು ರೇಟು, ವರ್ಷ ದಾಟಿದ ಹಳೆ ಅಡಿಕೆಗೆ ಒಂದು ರೇಟು, ಇನ್ನೂ ಹಳೆಯದಾದ ಡಬ್ಬಲ್ ಚೋಲಿಗೆ ಅದಕ್ಕಿಂತ ಮೇಲೆ. ನಮ್ಮ ಗೋದಾಮಿನಲ್ಲಿ ಮಾಲು ಸುಮ್ಮನೆ ಕೂತಿಲ್ಲ, ದುಡಿಯುತ್ತಾ ಕೂತಿದೆ. ತೂಕ ಇಳಿಯುತ್ತದೆ, ಹುಳ ಹಿಡಿಯುವ ಭಯ ಉಂಟು, ಆಮದು ಅಡಿಕೆಯ ಸುದ್ದಿ ಬಂದರೆ ಒಂದೇ ವಾರಕ್ಕೆ ಧಾರಣೆ ಕೆಳಗೆ, ಎಲ್ಲ ಒಪ್ಪಿದೆ. ಆದರೂ ಇಡುವವ ಯಾಕೆ ಇಡುತ್ತಾನೆ ಅಂತ ಕೇಳದೆ ದಿನ ಎಣಿಸಬಾರದು.

ಉದ್ರಿಯೂ ಅಷ್ಟೆ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗೆ ಮಣ್ಣು ಸುರಿದು ಬಂದ್ ಮಾಡಿದಾಗ ನನ್ನ ಮಾಲು ಒಳಗೆ, ದುಡ್ಡು ಹೊರಗೆ. ಎಲ್ಲ ಪಾರ್ಟಿಗಳು ಕೈ ಎತ್ತಿದರು. ಇಪ್ಪತ್ತು ವರ್ಷ ನಾನು 45 ದಿನದ ಉದ್ರಿ ಕೊಟ್ಟಿದ್ದ ಒಬ್ಬ ಗುಜರಾತಿ ಸೇಟು ಮಾತ್ರ ಕೇಳದೆ ಹಣ ಹಾಕಿದ. ಆ 45 ದಿನಕ್ಕೆ ನೀವು ಹಾಕಿದ ಬಡ್ಡಿಯಲ್ಲಿ ಇದು ಎಲ್ಲಿ ಬರುತ್ತದೆ?

ಚಾಕ್‌ಪೀಸ್:

ಬರುವುದಿಲ್ಲ. ಒಪ್ಪಿದೆ ಯಜಮಾನರೇ. ಆದರೆ ಒಂದು ಪ್ರಶ್ನೆ: ಇಡುವ ಅಡಿಕೆ ಮತ್ತು ಮಾರುವ ಅಡಿಕೆ, ಎರಡಕ್ಕೂ ಒಂದೇ ಓಡಿಯಿಂದ ದುಡ್ಡು ತೆಗೆಯುತ್ತೀರಾ?

ಹಳೆ ಅಡಿಕೆ:

ಹಾಗೆ ತೆಗೆದೇ 2014ರಲ್ಲಿ ಒಂದು ತೋಟದ ತುಂಡು ಮಾರಿದ್ದು. ಈಗ ಬೇರೆ ಬೇರೆ. ನಿಮ್ಮ ಮುಂದಿನ ಕ್ಲಾಸಿಗೆ ನನ್ನನ್ನು ಕರೆಯಿರಿ, ಚಹಾ ಕೊಟ್ಟರೆ ಸಾಕು.

ನೀರ್ಚಾಲಿನವಳು:

ಇಷ್ಟು ಜನ ಇಷ್ಟು ಬರೆಯುತ್ತೀರಿ ಅಂತ ಎಣಿಸಿರಲಿಲ್ಲ. ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಏಕೆಂದರೆ ಚಾಕ್‌ಪೀಸ್ ಸರ್ ಹೇಳಿದ ಲೆಕ್ಕ ಹಾಕಲಿಕ್ಕೆ ಅಷ್ಟು ದಿನ ಬೇಕಾಯಿತು.

ಅಪ್ಪ ಪುಸ್ತಕ ಕೊಟ್ಟರು, ಮನಸ್ಸಿಲ್ಲದೆ. ಬಿಲ್ಲುಗಳು ಮೂರು ಕಡೆ ಇದ್ದವು: ಕಂಪ್ಯೂಟರಿನಲ್ಲಿ ಜಿಎಸ್‌ಟಿಗೆ ಬೇಕಾದಷ್ಟು, ಉದ್ದದ ಕೆಂಪು ಪುಸ್ತಕದಲ್ಲಿ ಸ್ವಲ್ಪ, ಬಾಕಿ ಅಪ್ಪನ ತಲೆಯಲ್ಲಿ. ಮೊದಲ ಎರಡು ಸಂಜೆ ಅಪ್ಪನ ತಲೆಯಲ್ಲಿ ಇದ್ದದ್ದನ್ನು ಬರೆದುಕೊಂಡದ್ದೇ ಆಯಿತು. ಹಳೆ ಅಡಿಕೆ ಮಾವ ಹೇಳಿದ ಹಾಗೆ, ಇಡಲಿಕ್ಕೇ ಅಂತ ಇಟ್ಟ ಮಾಲನ್ನು ಬೇರೆ ಮಾಡಿದೆ. ಉಳಿದದ್ದಕ್ಕೆ ಗೋದಾಮಿನಲ್ಲಿ 18 ದಿನ, ಪಾರ್ಟಿಗಳ ಕೈಯಲ್ಲಿ 41 ದಿನ. ಕೆಲವು ಕೃಷಿಕರು ಅಡಿಕೆ ತಂದು ಹಾಕಿ "ದುಡ್ಡು ಆಮೇಲೆ ತೆಗೆದುಕೊಳ್ಳುತ್ತೇನೆ" ಅಂತ ಇಟ್ಟು ಹೋಗುತ್ತಾರೆ, ಅದರಿಂದ 6 ದಿನ ಕಡಿಮೆ. ಒಟ್ಟು 53. ನಮ್ಮ ವ್ಯಾಪಾರ ತಿಂಗಳಿಗೆ 40 ಲಕ್ಷ ಅಂತ ಇಟ್ಟುಕೊಳ್ಳಿ, ನಿಜವಾದ ಅಂಕಿ ಬೇಡ. ಸುಮಾರು 70 ಲಕ್ಷ ಯಾವಾಗಲೂ ಹೊರಗೆ. ಇದನ್ನು ಅಪ್ಪನಿಗೆ ಹೇಳಿದಾಗ "ಅದು ನನಗೆ ಗೊತ್ತಿಲ್ವಾ?" ಅಂದರು. ಗೊತ್ತಿತ್ತು ಅಂತ ಕಾಣುತ್ತದೆ.

ಗೊತ್ತಿರದೆ ಇದ್ದದ್ದು ಇನ್ನೊಂದು. 41 ದಿನ ಅನ್ನುವುದು ಸರಾಸರಿ ಅಲ್ವಾ? ಪಿಗ್ಮಿ ಅಕ್ಕ ಸರಾಸರಿ ನೋಡಬೇಡ ಅಂದದ್ದು ನೆನಪಾಗಿ ಪಾರ್ಟಿವಾರು ಬಿಡಿಸಿದೆ. ಹೆಚ್ಚಿನವರು 25ರಿಂದ 30 ದಿನದೊಳಗೆ ಕೊಡುತ್ತಾರೆ. ಒಬ್ಬರೇ ಒಬ್ಬರು 94 ದಿನ. ಅವರು ಅಪ್ಪನಿಗೆ ಕೇಜಿಗೆ 2 ರೂಪಾಯಿ ಜಾಸ್ತಿ ಕೊಡುವ ಒಳ್ಳೆಯ ಪಾರ್ಟಿ! ಕೇಜಿಗೆ 400 ಅಂತ ಹಿಡಿದು, 30 ದಿನಕ್ಕಿಂತ ಮೇಲಿನ 64 ದಿನಕ್ಕೆ 11 ಶೇಕಡಾ ಬಡ್ಡಿ ಹಾಕಿದರೆ ಏಳು ಮುಕ್ಕಾಲು ರೂಪಾಯಿ ಹತ್ತಿರ ಬರುತ್ತದೆ. 2 ರೂಪಾಯಿ ಹೆಚ್ಚು ತೆಗೆದುಕೊಳ್ಳಲಿಕ್ಕೆ ನಾವು ಏಳು ಮುಕ್ಕಾಲು ಕೊಡುತ್ತಿದ್ದೇವೆ.

ಅಪ್ಪ ಆ ಹಾಳೆಯನ್ನು ಎರಡು ಸಾರಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಏನೂ ಹೇಳಲಿಲ್ಲ, ಎಲೆಗೆ ಸುಣ್ಣ ಹಚ್ಚುತ್ತಾ ಜಗಲಿಗೆ ಹೋದರು. ರಾತ್ರಿ ಊಟದ ಹೊತ್ತಿಗೆ ಅಮ್ಮನ ಹತ್ತಿರ "ಅವಳ ಕಾಲೇಜಿನ ಕಾಗದ ಎಲ್ಲುಂಟು?" ಅಂತ ಕೇಳಿದ್ದು ನನಗೆ ಕೇಳಿಸಿತು.

ಹೊಳೆಯುವ ಪುಸ್ತಕದ ಕಾಲೇಜಿಗೆ ಫೋನು ಮಾಡಿ, ಸೀಸನ್ ಟಿಕೆಟ್ ಅಣ್ಣ ಹೇಳಿದ ಪ್ರಶ್ನೆ ಕೇಳಿದೆ. ಇಂಟರ್ನ್‌ಶಿಪ್ಪಿಗೆ ಮಕ್ಕಳು ಎಲ್ಲಿಗೆ ಹೋದರು ಅಂತ. "ಒಳ್ಳೊಳ್ಳೆ ಕಂಪನಿಗೆ" ಅಂದರು. ಪಟ್ಟಿ ಕಳಿಸುತ್ತೀರಾ ಅಂದೆ. ಇವತ್ತಿಗೆ ಆರು ದಿನ. ಫೀಸು ಕಡಿಮೆ ಇರುವ ಇನ್ನೊಂದು ಕಡೆ ಕೇಳಿದಾಗ, ಫೋನು ಎತ್ತಿದವರಿಗೆ ಗೊತ್ತಿರಲಿಲ್ಲ, ಆದರೆ ಮರುದಿನ ಒಬ್ಬರು ಮೇಡಂ ತಾವಾಗಿ ಫೋನು ಮಾಡಿ ಇಪ್ಪತ್ತು ನಿಮಿಷ ಮಾತಾಡಿದರು. ಹದಿಮೂರು ಜನ ಹೋದ ಕಡೆ ಚೆನ್ನಾಗಿತ್ತು, ಉಳಿದದ್ದು ಅಷ್ಟಕ್ಕಷ್ಟೇ ಅಂತ ನೇರ ಹೇಳಿದರು. ನಾನು ಅಲ್ಲಿಯ ಅರ್ಜಿ ತುಂಬಿದ್ದೇನೆ.

ಸೀಸನ್ ಟಿಕೆಟ್:

ಅಷ್ಟಕ್ಕಷ್ಟೇ ಅಂತ ಹೇಳುವ ಮೇಡಂ ನನಗೆ ಸಿಕ್ಕಿದ್ದರೆ! ಬೆಳಗ್ಗಿನ ಗಾಡಿಗೆ ಹತ್ತುವುದಾದರೆ ಹಿಂದಿನ ಲೇಡೀಸ್ ಡಬ್ಬಿ ಹತ್ತು, ಮುಂದಿನದ್ದು ಕುಂಬಳೆಯಲ್ಲೇ ತುಂಬಿರುತ್ತದೆ.

ಮೂರು ಭಾಷೆ:

ಎಂಟು ವಾರದ ಇಂಟರ್ನ್‌ಶಿಪ್ ಬೇಕಾದರೆ ಇಲ್ಲಿ ಕೇಳಿ ತಂಗಿ. ಬೀಟ್ ಪಟ್ಟಿ ಕೊಡುತ್ತೇನೆ, ಸ್ಕೂಟಿ ನೀವು ತರಬೇಕು.

ಹಳೆ ಅಡಿಕೆ:

ಕೂಸೇ, ಆ 94 ದಿನದವನ ಹೆಸರು ಇಲ್ಲಿ ಬರೆಯಬೇಡ. ಅಪ್ಪನ ಹತ್ತಿರ ನನಗೊಂದು ಫೋನು ಮಾಡಲಿಕ್ಕೆ ಹೇಳು. ಕೇಜಿಗೆ 2 ರೂಪಾಯಿ ಜಾಸ್ತಿ ಕೊಡುವ ಒಬ್ಬ ನನ್ನ ಪುಸ್ತಕದಲ್ಲೂ ಇದ್ದಾನೆ.